ಕಲ್ಲಿನ ಕೆಂಪು, ಗಾಜಿನ ಹಳದಿ

ಹಳೆಯ ಲೆನ್ಸು ಹಾಕಿ ಕಲರ್ ರೀಲಿನ ಮೇಲೆ ತೆಗೆದ ಚಿತ್ರದಲ್ಲಿ ಕಾಣುವ ಬಣ್ಣಕ್ಕೆ ಹಕ್ಕುದಾರರು ಹಲವರು. ಎದುರಿಗಿದ್ದ ವಸ್ತು, ಆ ಹೊತ್ತಿನ ಬೆಳಕು, ನಡುವೆ ನಿಂತ ಗಾಜು, ಕೊನೆಗೆ ಬೆಳಕನ್ನು ಹಿಡಿದಿಟ್ಟ ರಸಾಯನ. ಬಾದಾಮಿಯ ಬಂಡೆಯನ್ನು ಹೀಗೆ ತೆಗೆದಾಗ ಚಿತ್ರ ಜೇನಿನ ಬಣ್ಣಕ್ಕೆ ತಿರುಗಿ ಬಂದರೆ ಆ ಜೇನುಬಣ್ಣ ಯಾರದು? ಬಂಡೆಯದಲ್ಲ ಎನ್ನುವುದಾದರೆ ಬಂಡೆಯ ನಿಜವಾದ ಬಣ್ಣ ಯಾವುದು? ಅದನ್ನು ಯಾವ ಬೆಳಕೂ ಯಾವ ಕಣ್ಣೂ ನಡುವೆ ಬಾರದಂತೆ ಕಂಡವರು ಯಾರು? ಕ್ಯಾಮೆರಾ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಭಾರತದ ದರ್ಶನಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದವು. ಅವು ಆರಿಸಿಕೊಂಡ ಉದಾಹರಣೆಗಳಲ್ಲಿ ಮುಖ್ಯವಾದವು ಮೂರು: ದಾಸವಾಳದ ಪಕ್ಕದ ಸ್ಫಟಿಕ, ಕಾಮಾಲೆಯ ಕಣ್ಣಿಗೆ ಹಳದಿಯಾದ ಶಂಖ, ಬಣ್ಣಬಣ್ಣದ ನೂಲಿನ ಬಟ್ಟೆ. ಮೂರೂ ಲೆನ್ಸಿಗೆ, ರೀಲಿಗೆ ಅಳತೆ ಹಿಡಿದು ಹೊಲಿದಂತೆ ಒಪ್ಪುತ್ತವೆ.

ಈ ಚರ್ಚೆಗೆ ಬಾಗಲಕೋಟೆ ಜಿಲ್ಲೆಗಿಂತ ತಕ್ಕ ನೆಲ ಸಿಗುವುದು ಕಷ್ಟ. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ಅದೇ ಊರಿನ ಸೀರೆಯ ಕೆಂಪು ರೇಷ್ಮೆ ಸೆರಗು, ಗುಳೇದಗುಡ್ಡದ ಕುಪ್ಪಸದ ಖಣ, ಹುನಗುಂದ ತಾಲ್ಲೂಕಿನ ಐಹೊಳೆಯ ಗುಡಿಗಳು ಎಲ್ಲವೂ ಬಣ್ಣವನ್ನೇ ಮುಂದೆ ಮಾಡಿ ನಿಲ್ಲುತ್ತವೆ. ಇವುಗಳಲ್ಲಿ ಕಲ್ಲಿನ ಕಥೆ ಮೊದಲು ಬರಬೇಕು, ಏಕೆಂದರೆ ಬಣ್ಣ ವಸ್ತುವಿನಲ್ಲೇ ಇದೆ ಎಂಬ ಮಾತಿಗೆ ಕಲ್ಲಿನಷ್ಟು ಗಟ್ಟಿ ಸಾಕ್ಷಿ ಇಲ್ಲವೆಂದು ಯಾರಿಗಾದರೂ ಅನಿಸುತ್ತದೆ.

ನ್ಯಾಯ ಮತ್ತು ವೈಶೇಷಿಕ ದರ್ಶನಗಳ ನಿಲುವು ಅದೇ. ಬಣ್ಣ, ಅಂದರೆ ರೂಪ, ದ್ರವ್ಯದಲ್ಲಿರುವ ಗುಣ. ಅದನ್ನು ಗ್ರಹಿಸುವ ಇಂದ್ರಿಯ ಕಣ್ಣೊಂದೇ. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಇದನ್ನು ಮಕ್ಕಳಿಗೂ ಬಾಯಿಪಾಠವಾಗುವಷ್ಟು ಚಿಕ್ಕದಾಗಿ ಹೇಳುತ್ತದೆ: ಬಿಳಿ, ನೀಲಿ, ಹಳದಿ, ಕೆಂಪು, ಹಸಿರು, ಕಂದು, ಚಿತ್ರ ಎಂದು ರೂಪ ಏಳು ಬಗೆ. ಏಳೂ ಇರುವುದು ಪೃಥ್ವಿಯಲ್ಲಿ ಮಾತ್ರ. ನೀರಿನದು ಹೊಳಪಿಲ್ಲದ ಬಿಳಿ, ತೇಜಸ್ಸಿನದು ಹೊಳೆಯುವ ಬಿಳಿ. ಈ ಲೆಕ್ಕದಲ್ಲಿ ಬಾದಾಮಿಯ ಕೆಂಪು ಬಾದಾಮಿಯ ಕಲ್ಲಿನದೇ, ಬೆಳಕು ಅದನ್ನು ತೋರಿಸುತ್ತದೆ ಅಷ್ಟೆ, ಕೊಡುವುದಿಲ್ಲ.

ಭೂವಿಜ್ಞಾನ ಇದಕ್ಕೊಂದು ತಿದ್ದುಪಡಿ ತರುತ್ತದೆ. ಆ ಮರಳುಗಲ್ಲಿನ ಬಹುಪಾಲು ಸ್ಫಟಿಕಶಿಲೆಯ ಕಣ, ಎಂದರೆ ಕ್ವಾರ್ಟ್ಜ್. ಕ್ವಾರ್ಟ್ಜಿಗೆ ತನ್ನದೆಂಬ ಬಣ್ಣವಿಲ್ಲ. ಕಣಗಳ ಮೇಲೆ ತೆಳುವಾಗಿ ಹತ್ತಿದ, ಅವುಗಳ ಸಂದಿಯಲ್ಲಿ ಕೂತ ಕಬ್ಬಿಣದ ಆಕ್ಸೈಡಿನಿಂದ ಇಡೀ ಬೆಟ್ಟ ಕೆಂಪಾಗಿದೆ. ಇಳಕಲ್ ಗ್ರಾನೈಟಿನ ಕೆಂಪೂ ಹೆಚ್ಚುಕಡಿಮೆ ಹೀಗೆಯೇ, ಫೆಲ್ಡ್‌ಸ್ಪಾರ್ ಹರಳಿನೊಳಗೆ ಸೇರಿಕೊಂಡ ಕಬ್ಬಿಣದ ಸೂಕ್ಷ್ಮ ಕಣಗಳದ್ದು. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ ಎಂದು ವೇದಾಂತಿಗಳು ಹೇಳಿದ್ದು ಒಂದು ಹರಳಿನ ಬಗ್ಗೆ. ಬಾದಾಮಿಯಲ್ಲಿ ಇಡೀ ಬೆಟ್ಟವೇ ಆ ಸ್ಫಟಿಕ, ದಾಸವಾಳ ಮಾತ್ರ ಕಲ್ಲಿಗೆ ಅಂಟಿಕೊಂಡುಬಿಟ್ಟಿದೆ. ವಸ್ತುವಿನ ಬಣ್ಣ ಎಂದು ಬೆರಳು ತೋರಿಸುವ ಜಾಗದಲ್ಲೇ ಎರಡು ವಸ್ತುಗಳಿವೆ. ಹೀಗಿರುವಾಗ ಮಧ್ಯದಲ್ಲಿ ಇನ್ನೊಂದು ಗಾಜು ಬಂದರೆ ಆಕಾಶ ಕಳಚಿ ಬೀಳಬೇಕಾಗಿಲ್ಲ.

ಈ ಕೆಂಪನ್ನು ಕ್ಯಾಮೆರಾ ಮೊದಮೊದಲು ಕಾಣಲೇ ಇಲ್ಲ. ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ 1855ರಲ್ಲಿ ಬಾದಾಮಿ, ಐಹೊಳೆಗಳ ಕಡೆ ಬಂದು ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಅವನ ಚಿತ್ರಗಳೂ ಪಿಗೌ, ನೀಲ್ ಎಂಬ ಇತರ ಛಾಯಾಗ್ರಾಹಕರ ಚಿತ್ರಗಳೂ ಸೇರಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಪುಸ್ತಕ ಲಂಡನ್ನಿನಲ್ಲಿ 1866ರಲ್ಲಿ ಅಚ್ಚಾಯಿತು. ಆ ಕಾಲದ ಬೆಳ್ಳಿಯ ಲವಣಕ್ಕೆ ತಟ್ಟುತ್ತಿದ್ದುದು ನೀಲಿ, ನೇರಳೆ, ಅದರಾಚೆಯ ಕಣ್ಣಿಗೆ ಕಾಣದ ಕಿರಣ ಮಾತ್ರ. ಕೆಂಪು ಬಂಡೆ ನೀಲಿಯನ್ನು ನುಂಗಿಕೊಳ್ಳುತ್ತದೆ, ಆದ್ದರಿಂದ ಅದು ಚಿತ್ರದಲ್ಲಿ ಕಪ್ಪಗೆ ಬಂದಿತು. ನೀಲಿ ಆಕಾಶ ಬರೀ ಬಿಳಿ ಹಾಳೆಯಾಯಿತು. 1873ರಲ್ಲಿ ವೋಗೆಲ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಎಮಲ್ಷನ್ನಿಗೆ ಬಣ್ಣ ಬೆರೆಸಿ ಹಸಿರನ್ನು ಕಾಣಿಸಿದ. ಕೆಂಪೂ ಕಾಣುವ ಪ್ಲೇಟುಗಳು ಮಾರಾಟಕ್ಕೆ ಬಂದದ್ದು 1906ರ ಸುಮಾರಿಗೆ. ಅಲ್ಲಿಯವರೆಗಿನ ಬಾದಾಮಿಯ ಚಿತ್ರಗಳನ್ನು ಸುಳ್ಳೆಂದು ಯಾರೂ ಕರೆದಿಲ್ಲ, ಪುರಾತತ್ವದವರು ಇಂದಿಗೂ ಅವನ್ನು ಪ್ರಮಾಣವಾಗಿ ಬಳಸುತ್ತಾರೆ. ಕಪ್ಪು-ಬಿಳುಪಿನ ಚಿತ್ರ ಬಣ್ಣದ ವಿಷಯದಲ್ಲಿ ಮಾತನಾಡುವುದೇ ಇಲ್ಲ, ಆದ್ದರಿಂದ ಸುಳ್ಳನ್ನೂ ಹೇಳುವುದಿಲ್ಲ. ಕಲರ್ ರೀಲು ಬಾಯಿ ತೆರೆದ ಮೇಲೆಯೇ ಅದನ್ನು ಕಟಕಟೆಗೆ ಕರೆಯುವ ಪ್ರಸಂಗ ಬಂದದ್ದು.

ಬಣ್ಣದ ಮೊದಲ ಛಾಯಾಚಿತ್ರವೆಂದು ಹೆಸರಾದದ್ದು ಒಂದು ತುಂಡು ಬಟ್ಟೆಯ ಚಿತ್ರ. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸ್ಕಾಟ್ಲೆಂಡಿನ ಚೌಕಳಿಯ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಬೇರೆಬೇರೆಯಾಗಿ ತೆಗೆಸಿ, ಮೂರನ್ನೂ ಒಂದೇ ಪರದೆಯ ಮೇಲೆ ಬೀಳಿಸಿ ತೋರಿಸಿದ. ಅವನ ಪ್ಲೇಟಿಗೆ ಕೆಂಪು ಕಾಣುತ್ತಿರಲಿಲ್ಲ, ಆದರೂ ಕೆಂಪಿನ ಚಿತ್ರ ಬಂದಿತ್ತು. ನೂರು ವರ್ಷಗಳ ನಂತರ ರಾಲ್ಫ್ ಇವಾನ್ಸ್ ಎಂಬ ಸಂಶೋಧಕ ಕಾರಣ ಹುಡುಕಿದ: ರಿಬ್ಬನ್ನಿನ ಕೆಂಪು ಬಣ್ಣ ನೇರಳಾತೀತ ಕಿರಣವನ್ನೂ ಹಿಂದಿರುಗಿಸುತ್ತಿತ್ತು, ಕೆಂಪು ದ್ರಾವಣ ಅದನ್ನು ಒಳಕ್ಕೆ ಬಿಟ್ಟಿತ್ತು, ಪ್ಲೇಟು ಹಿಡಿದದ್ದು ಅದನ್ನು. ಅಂದರೆ ಕೆಂಪೆಂದು ತೋರಿದ್ದು ಕೆಂಪಿನ ಬೆಳಕಿನಿಂದ ಬಂದುದಲ್ಲ, ಆದರೂ ತೋರಿದ ಜಾಗದಲ್ಲಿ ಕೆಂಪು ಇತ್ತು. ತಪ್ಪು ದಾರಿಯಲ್ಲಿ ಸರಿಯಾದ ಊರು ಸೇರಿದ ಜ್ಞಾನವನ್ನು ಪ್ರಮಾಣವೆನ್ನಬೇಕೋ ಬೇಡವೋ ಎಂದು ತಾರ್ಕಿಕರು ಜಗಳವಾಡುತ್ತಲೇ ಬಂದಿದ್ದಾರೆ. ಬಣ್ಣದ ಛಾಯಾಚಿತ್ರಣ ಆ ಜಗಳವನ್ನು ಹುಟ್ಟಿನಿಂದಲೇ ಹೊತ್ತು ತಂದಿತು.

ಬಟ್ಟೆಯೇ ಮೊದಲ ಉದಾಹರಣೆಯಾದದ್ದು ಕಾಕತಾಳೀಯವಿರಬಹುದು, ಆದರೆ ನೈಯಾಯಿಕರೂ ಬಟ್ಟೆಯನ್ನೇ ಹಿಡಿದಿದ್ದರು. ಅವರ ಪ್ರಕಾರ ನೂಲುಗಳು ಸೇರಿ ಹುಟ್ಟುವ ಬಟ್ಟೆ ನೂಲಿನ ರಾಶಿಯಲ್ಲ, ಅವಯವಿ ಎಂಬ ಹೊಸ ವಸ್ತು. ನೂಲುಗಳ ಬಣ್ಣದಿಂದ ಬಟ್ಟೆಯ ಬಣ್ಣ ಹುಟ್ಟುತ್ತದೆ. ಬಣ್ಣ ಒಂದು ವಸ್ತುವಿನಲ್ಲಿದ್ದರೆ ಅದನ್ನು ಪೂರ್ತಿ ವ್ಯಾಪಿಸಿರುತ್ತದೆ. ಇಷ್ಟನ್ನು ಒಪ್ಪಿದ ಮೇಲೆ ಇಳಕಲ್ ಸೀರೆಯೊಂದನ್ನು ಎದುರಿಗೆ ಹರಡಿದರೆ ಏನು ಹೇಳುವುದು? ಮೈ ನೀಲಿ ಅಥವಾ ಕಪ್ಪು, ದಡಿಯಲ್ಲಿ ಬೇರೆ ಬಣ್ಣ, ತೋಪು ತೆನೆ ಸೆರಗಿನಲ್ಲಿ ಕೆಂಪೂ ಬಿಳಿಯೂ. ಮೈಯ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸುನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದು ಅಲ್ಲಿನ ನೇಕಾರರ ವಿಶೇಷ, ಹಾಗಾಗಿ ಇದು ಒಂದು ಬಟ್ಟೆಯೋ ಎರಡೋ ಎಂಬ ತಕರಾರೂ ತೆಗೆಯಬಹುದು. ಒಂದೇ ಬಟ್ಟೆ ಎಂದಿಟ್ಟುಕೊಂಡರೆ ಅದರ ಬಣ್ಣ ಯಾವುದು? ನೀಲಿ ಎಂದರೆ ಸೆರಗೂ ನೀಲಿಯಾಗಬೇಕು. ಬಣ್ಣವೇ ಇಲ್ಲ ಎಂದರೆ ಸೀರೆ ಕಣ್ಣಿಗೆ ಕಾಣಬಾರದು, ಏಕೆಂದರೆ ಅವರ ಶಾಸ್ತ್ರದಲ್ಲಿ ರೂಪವಿಲ್ಲದ್ದು ಕಣ್ಣಿಗೆ ಬೀಳದು. ಹಲವು ಬಣ್ಣ ಎಂದರೆ ಪ್ರತಿಯೊಂದೂ ಸೀರೆಯನ್ನು ಪೂರ್ತಿ ವ್ಯಾಪಿಸಬೇಕು, ಅದು ಆಗದ ಮಾತು. ಈ ಇಕ್ಕಟ್ಟಿನಿಂದ ಪಾರಾಗಲು ಒಪ್ಪಿಕೊಂಡದ್ದೇ ಏಳನೆಯ ಬಣ್ಣ, ಚಿತ್ರರೂಪ: ಹಲವು ಬಣ್ಣದ ನೂಲುಗಳಿಂದ ಹುಟ್ಟಿದ, ತಾನು ಮಾತ್ರ ಒಂದೇ ಆದ ಬಣ್ಣ.

ಇದನ್ನು ಎಲ್ಲರೂ ನುಂಗಲಿಲ್ಲ. ಚಾಲುಕ್ಯರು ಬಾದಾಮಿಯಿಂದ ಆಳುತ್ತಿದ್ದ ಏಳನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಬೌದ್ಧ ತಾರ್ಕಿಕ ಧರ್ಮಕೀರ್ತಿ, ಬಟ್ಟೆ ಒಂದೇ ವಸ್ತುವಾಗಿದ್ದರೆ ಒಂದು ಮೂಲೆಗೆ ಬಣ್ಣ ಹಚ್ಚಿದಾಗ ಇಡೀ ಬಟ್ಟೆ ಬಣ್ಣವಾಗಬೇಕಿತ್ತು ಎಂದು ಹಿಡಿದ. ಹಾಗಾಗುವುದಿಲ್ಲ, ಆದ್ದರಿಂದ ಅವಯವಿ ಎಂಬುದೇ ಇಲ್ಲ. ಜೈನರು ಈ ಜಗಳದಲ್ಲಿ ತಮ್ಮ ಅನೇಕಾಂತಕ್ಕೆ ಪುಕ್ಕಟೆ ಬೆಂಬಲ ಕಂಡರು. ಒಂದೇ ಬಣ್ಣ ಏಕವೂ ಹೌದು, ಅನೇಕವೂ ಹೌದು ಎಂದು ಒಪ್ಪುವ ನೈಯಾಯಿಕನಿಗೆ ಅನೇಕಾಂತವನ್ನು ಅಲ್ಲಗಳೆಯುವ ಬಾಯಿ ಎಲ್ಲಿದೆ ಎಂದು ಹನ್ನೆರಡನೆಯ ಶತಮಾನದ ಹೇಮಚಂದ್ರ ‘ವೀತರಾಗಸ್ತೋತ್ರ’ದಲ್ಲಿ ಕೇಳುತ್ತಾನೆ. ಬಾದಾಮಿಯ ನಾಲ್ಕನೆಯ ಗುಹೆಯೂ ಐಹೊಳೆಯ ಮೇಗುತಿಯೂ ಜೈನರವು. ಮೇಗುತಿಯಲ್ಲಿ ರವಿಕೀರ್ತಿಯ ಶಾಸನ ಕೆತ್ತಿದ್ದು 634ರಲ್ಲಿ, ಎಂದರೆ ಈ ವಾದಗಳು ಇಲ್ಲಿಗೆ ಹೊರಗಿನವಲ್ಲ. ಕೊನೆಗೆ ನ್ಯಾಯದ ಮನೆಯೊಳಗಿಂದಲೇ ಹದಿನಾರನೆಯ ಶತಮಾನದ ರಘುನಾಥ ಶಿರೋಮಣಿ ಚಿತ್ರರೂಪವನ್ನು ತಳ್ಳಿಹಾಕಿದ. ಬಣ್ಣ ವಸ್ತುವನ್ನು ಪೂರ್ತಿ ವ್ಯಾಪಿಸಬೇಕೆಂಬ ನಿಯಮವೇ ಬೇಡ, ಒಂದೇ ಬಟ್ಟೆಯ ಬೇರೆ ಬೇರೆ ಭಾಗದಲ್ಲಿ ಬೇರೆ ಬೇರೆ ಬಣ್ಣ ಇರಲಿ ಎಂದ. ಮಾತು ಎಷ್ಟು ಸಲೀಸು ಎನಿಸಿದರೂ ಅಲ್ಲಿಗೆ ತಲುಪಲು ಆ ಪರಂಪರೆಗೆ ಸಾವಿರ ವರ್ಷ ಬೇಕಾಯಿತು.

ಕಲರ್ ಛಾಯಾಚಿತ್ರಣ ರಘುನಾಥನ ಪಕ್ಷ, ಚಿತ್ರರೂಪದ ಪಕ್ಷ ಎರಡನ್ನೂ ಒಂದರ ನಂತರ ಒಂದು ತಯಾರಿಸಿ ಮಾರಿದೆ. 1907ರಲ್ಲಿ ಲೂಮಿಯೇರ್ ಸೋದರರು ತಂದ ಆಟೋಕ್ರೋಮ್ ಪ್ಲೇಟಿನಲ್ಲಿ ಆಲೂಗಡ್ಡೆಯ ಹಿಟ್ಟಿನ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಕೊಟ್ಟು ಪಕ್ಕಪಕ್ಕದಲ್ಲಿ ಹರಡಿರುತ್ತಿದ್ದರು. ಪ್ರತಿ ಕಣದ ಬಣ್ಣ ಅದರ ಜಾಗದಲ್ಲಿ ಮಾತ್ರ, ದೂರದಿಂದ ನೋಡಿದಾಗ ಬೆರೆಯುತ್ತದೆ. ಇದು ರಘುನಾಥನ ಬಟ್ಟೆ. 1935ರ ಕೋಡಾಕ್ರೋಮ್, ಮರುವರ್ಷದ ಆಗ್ಫಾಕಲರ್ ಬೇರೆ ಹಾದಿ ಹಿಡಿದವು. ನೀಲಿಗೊಂದು, ಹಸಿರಿಗೊಂದು, ಕೆಂಪಿಗೊಂದು ಪದರ, ಒಂದರ ಮೇಲೊಂದು. ತೊಳೆದಾಗ ಆ ಪದರಗಳಲ್ಲಿ ಕ್ರಮವಾಗಿ ಹಳದಿ, ಮಜೆಂಟಾ, ಸಯಾನ್ ಬಣ್ಣಗಳು ಹುಟ್ಟುತ್ತವೆ, ಬೆಳ್ಳಿ ಕರಗಿ ಹೋಗುತ್ತದೆ. ಇಲ್ಲಿ ಮೂರು ಬಣ್ಣಗಳೂ ಒಂದೇ ಜಾಗದಲ್ಲಿವೆ. ಆ ಜಾಗದಲ್ಲಿ ಕಾಣುವ ಕೆಂಪು ಯಾವ ಪದರದ್ದೂ ಅಲ್ಲ, ಹಳದಿ ಮಜೆಂಟಾಗಳು ಕೂಡಿ ಹುಟ್ಟಿದ್ದು. ಹಳೆಯ ನೈಯಾಯಿಕರು ಬಟ್ಟೆಯಲ್ಲಿ ಹುಡುಕಿದ ಚಿತ್ರರೂಪ ಇಲ್ಲಿ ರೀಲಿನಲ್ಲಿ ಸಿಗುತ್ತದೆ.

ಗುಳೇದಗುಡ್ಡದ ಖಣದಲ್ಲಿ ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಹಾಕುವುದುಂಟು. ಹತ್ತಿರದಿಂದ ಎರಡು ನೂಲು, ಮಾರು ದೂರದಿಂದ ಮೂರನೆಯದೇ ಬಣ್ಣ, ಓರೆ ಮಾಡಿದರೆ ನಾಲ್ಕನೆಯದು. ಹರಿತವಾದ ಹೊಸ ಲೆನ್ಸು ನೂಲು ನೂಲನ್ನೂ ಬಿಡಿಸಿ ತೋರಿಸಿದರೆ, ಅಂಚುಗಳನ್ನು ಮೆತ್ತಗೆ ಮಾಡುವ ಹಳೆಯ ಲೆನ್ಸು ಎರಡನ್ನೂ ಬೆರೆಸಿ ಒಂದೇ ಮಾಡುತ್ತದೆ. ಮೊದಲನೆಯದು ರಘುನಾಥನ ಶಿಷ್ಯ, ಎರಡನೆಯದು ಅನ್ನಂಭಟ್ಟನದು. ಖಣ ತೊಟ್ಟವಳನ್ನು ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲವಾದ್ದರಿಂದ ಈ ವಿಷಯದಲ್ಲಿ ಹಳೆಯ ಲೆನ್ಸಿನ ಸಾಕ್ಷ್ಯವೇ ವ್ಯವಹಾರಕ್ಕೆ ಹತ್ತಿರ.

ಇನ್ನು ಗಾಜು. ‘ನ್ಯಾಯಸೂತ್ರ’ದ ಮೂರನೆಯ ಅಧ್ಯಾಯದಲ್ಲಿ ಗಾಜಿನ ಬಗ್ಗೆಯೇ ಒಂದು ಚರ್ಚೆಯಿದೆ. ಕಣ್ಣಿನ ಕಿರಣ ಹೊರಟು ವಸ್ತುವನ್ನು ಮುಟ್ಟಿದಾಗ ಮಾತ್ರ ಕಾಣುತ್ತದೆ ಎಂಬುದು ನೈಯಾಯಿಕರ ಮತ. ಹಾಗಾದರೆ ಗಾಜು, ಕಾಗೆಬಂಗಾರ, ಸ್ಫಟಿಕಗಳ ಹಿಂದಿನದು ಕಾಣುವುದು ಹೇಗೆ ಎಂದು ಎದುರಾಳಿ ಕೇಳುತ್ತಾನೆ. ಅವು ಅಡ್ಡಿಪಡಿಸುವುದಿಲ್ಲ, ಸ್ಫಟಿಕದಾಚೆಯ ವಸ್ತುವನ್ನು ಸೂರ್ಯನ ಕಿರಣ ದಾಟಿಹೋಗಿ ಸುಡುತ್ತದಲ್ಲ ಎಂಬುದು ಉತ್ತರ. ಕಣ್ಣಿನಿಂದ ಕಿರಣ ಹೊರಡುತ್ತದೆ ಎಂಬ ಭಾಗವನ್ನು ಭೌತಶಾಸ್ತ್ರ ಒಪ್ಪುವುದಿಲ್ಲ. ಆ ಅಂಶದಲ್ಲಿ, ಕಣ್ಣು ವಸ್ತುವನ್ನು ಮುಟ್ಟದೆಯೇ ಕಾಣುತ್ತದೆ ಎಂದ ಬೌದ್ಧರೂ ಜೈನರೂ ಗೆದ್ದರು. ಆದರೆ ಗಾಜು ಅಡ್ಡಿಯೇ ಅಲ್ಲ ಎಂಬ ಮಾತನ್ನೂ ಲೆನ್ಸಿನ ಚರಿತ್ರೆ ಪೂರ್ತಿ ಒಪ್ಪುವುದಿಲ್ಲ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. 1902ರ ಟೆಸ್ಸಾರ್ ಲೆನ್ಸಿನಲ್ಲಿ ಗಾಳಿಗೆ ಒಡ್ಡಿದ ಮೈಗಳು ಆರು, ಅಷ್ಟರಲ್ಲೇ ಬೆಳಕಿನ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೋರಿಹೋಗುತ್ತದೆ. ಸೋರಿದ್ದು ಸುಮ್ಮನಿರುವುದಿಲ್ಲ. ಗಾಜುಗಳ ನಡುವೆ ಓಡಾಡಿ ರೀಲಿನ ಮೇಲೆಲ್ಲ ಮಂಜಿನಂತೆ ಹರಡಿ, ನೆರಳನ್ನು ತಿಳಿಯಾಗಿಸಿ, ಬಣ್ಣಗಳ ಗಾಢತೆಯನ್ನು ಇಳಿಸುತ್ತದೆ. ಆ ಮಂಜಿಗೂ ಬಣ್ಣವಿದೆ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಬಿಸಿಲ ಬಂಡೆಗೆ ಮುಖ ಮಾಡಿದ ಲೆನ್ಸಿನಲ್ಲಿ ಅದು ಬಂಡೆಯ ಕೆಂಪನ್ನೇ ಹೊತ್ತು ನೆರಳಿನೊಳಕ್ಕೆ ಇಳಿಯುತ್ತದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್, ಕಾಲ ತಾಗಿ ಮಂಕಾದ ಹಳೆಯ ಲೆನ್ಸು ಹೊಸತಕ್ಕಿಂತ ಹೆಚ್ಚು ಬೆಳಕು ಬಿಡುವುದನ್ನು ಗಮನಿಸಿದ. 1935ರಲ್ಲಿ ಜೈಸ್ ಕಂಪನಿಯ ಸ್ಮಾಕುಲಾ ಕಂಡುಹಿಡಿದ ಲೇಪ ಆ ಮಂಕನ್ನೇ ಉಪಾಯವಾಗಿ ಮಾಡಿಕೊಂಡದ್ದು. ಲೇಪ ಬರುವ ಮೊದಲಿನ ಗಾಜು ಎಲ್ಲ ಚಿತ್ರಕ್ಕೂ ತನ್ನ ಸಹಿ ಹಾಕುತ್ತಿತ್ತು.

ಸಹಿ ಅಳಿಸಲಾಗದಷ್ಟು ಎದ್ದು ಕಾಣುವುದು ಥೋರಿಯಂ ಬೆರೆಸಿದ ಗಾಜಿನಲ್ಲಿ. 1940ರಿಂದ 70ರ ದಶಕದವರೆಗೆ ಕೋಡಾಕ್‌ನ ಏರೋ-ಎಕ್ಟಾರ್, ಪೆಂಟಾಕ್ಸಿನ ಕೆಲವು ಟಕುಮಾರ್ ಮೊದಲಾದ ಲೆನ್ಸುಗಳಲ್ಲಿ ಈ ಗಾಜನ್ನು ಬಳಸಿದರು, ಬೆಳಕನ್ನು ಬಾಗಿಸುವ ಶಕ್ತಿ ಅದಕ್ಕೆ ಹೆಚ್ಚು. ಥೋರಿಯಂ ವಿಕಿರಣ ಸೂಸುವ ಧಾತು. ದಶಕಗಳು ಕಳೆದಂತೆ ಆ ವಿಕಿರಣ ಗಾಜಿನ ಒಳರಚನೆಯನ್ನು ಕೆಡಿಸಿ ಅದನ್ನು ಚಹಾದಂಥ ಹಳದಿಗೆ ತಿರುಗಿಸುತ್ತದೆ. ಹಳದಿ ಗಾಜು ನೀಲಿಯನ್ನು ತಡೆಯುತ್ತದೆ, ರೀಲಿನ ನೀಲಿ ಪದರಕ್ಕೆ ಬೆಳಕು ಕಡಿಮೆಯಾಗಿ ಚಿತ್ರವೆಲ್ಲ ಹಳದಿಯಾಗುತ್ತದೆ. ಆ ಲೆನ್ಸಿಗೆ ದಿನಗಟ್ಟಲೆ ನೇರಳಾತೀತ ಬೆಳಕು ಕಾಣಿಸಿದರೆ ಬಹುಪಾಲು ತಿಳಿಯಾಗುತ್ತದೆ. ಕಾಮಾಲೆಯೂ ಮದ್ದೂ ಎರಡೂ ಇರುವ ಕಣ್ಣು ಇದು.

ಕಾಮಾಲೆಯವನಿಗೆ ಬಿಳಿ ಶಂಖ ಹಳದಿಯಾಗಿ ಕಾಣುತ್ತದೆ ಎಂಬುದನ್ನು ಬಹುತೇಕ ದರ್ಶನಗಳು ತಮ್ಮ ಪಟ್ಟಿಗೆ ಹಾಕಿಕೊಂಡಿವೆ. ನೈಯಾಯಿಕನೂ ಮೀಮಾಂಸಕ ಕುಮಾರಿಲನೂ ಇದನ್ನು ನೇರವಾಗಿ ತಪ್ಪು ಜ್ಞಾನ ಎನ್ನುತ್ತಾರೆ, ಒಂದಿದ್ದುದನ್ನು ಇನ್ನೊಂದಾಗಿ ಕಂಡದ್ದು. ಪ್ರಭಾಕರನ ಮೀಮಾಂಸೆ ಒಪ್ಪುವುದಿಲ್ಲ. ಅದರ ಪ್ರಕಾರ ಯಾವ ಜ್ಞಾನವೂ ಸುಳ್ಳಲ್ಲ. ಪಿತ್ತದ ಹಳದಿ ಕಂಡಿದೆ, ಆದರೆ ಅದು ಪಿತ್ತದ್ದೆಂದು ಕಂಡಿಲ್ಲ. ಶಂಖ ಕಂಡಿದೆ, ಅದರ ಬಿಳುಪು ಕಂಡಿಲ್ಲ. ಎರಡಕ್ಕೂ ಸಂಬಂಧವಿಲ್ಲವೆಂಬುದು ಕಾಣದೆ ಉಳಿದದ್ದರಿಂದ ‘ಹಳದಿ ಶಂಖ’ ಎಂಬ ಮಾತು ಹೊರಟಿದೆ. ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜರು ‘ಶ್ರೀಭಾಷ್ಯ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕಣ್ಣಿನ ಕಿರಣದೊಡನೆ ಪಿತ್ತದ ಹಳದಿ ಬೆರೆತು ಹೋಗಿ ಶಂಖವನ್ನು ಮುಟ್ಟುತ್ತದೆ, ಚಿನ್ನ ಲೇಪಿಸಿದಂತೆ ಅದರ ಬಿಳುಪನ್ನು ಮುಚ್ಚುತ್ತದೆ. ಕಂಡ ಹಳದಿ ನಿಜವಾದ ಹಳದಿಯೇ. ಪಕ್ಕದವನಿಗೆ ಕಾಣದಿರುವುದು ಅದು ಅತಿ ಸೂಕ್ಷ್ಮವಾದ್ದರಿಂದ, ರೋಗಿಗೆ ಕಾಣುವುದು ಅದು ಅವನ ಕಣ್ಣಿನಿಂದಲೇ ಹೊರಟದ್ದರಿಂದ.

ಕಿರಣದ ದಿಕ್ಕನ್ನು ಹಿಂದುಮುಂದು ಮಾಡಿಕೊಂಡರೆ ಇದು ಹಳದಿ ಲೆನ್ಸಿನ ವರದಿಯೇ. ಶಂಖದಿಂದ ಹೊರಟ ಬೆಳಕು ದಾರಿಯಲ್ಲಿ ಗಾಜಿನ ಹಳದಿಯನ್ನು ಕೂಡಿಸಿಕೊಂಡು ರೀಲಿಗೆ ಬರುತ್ತದೆ. ರೀಲು ಅದನ್ನು ಬಂದಂತೆ ಬರೆದುಕೊಳ್ಳುತ್ತದೆ. ಕಣ್ಣು ಹಾಗೆ ಮಾಡುವುದಿಲ್ಲ. ಬಾದಾಮಿಯ ಗುಹೆಯೊಳಗೆ ಬೀಳುವುದು ಹೆಚ್ಚಾಗಿ ಅಂಗಳದ ಕೆಂಪು ಕಲ್ಲಿಗೆ ತಾಗಿ ತಿರುಗಿದ ಬೆಳಕು, ಆದರೂ ಒಳಹೊಕ್ಕ ಸ್ವಲ್ಪ ಹೊತ್ತಿಗೆ ಬಿಳಿ ಪಂಚೆ ಬಿಳಿಯಾಗಿಯೇ ಕಾಣುತ್ತದೆ, ಕಣ್ಣೂ ಮಿದುಳೂ ಸೇರಿ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಸುಮಾರು 5500 ಕೆಲ್ವಿನ್ ಬಿಸಿಲಿಗೆ ಹದ ಮಾಡಿದ ರೀಲಿಗೆ ಆ ಜಾಣತನವಿಲ್ಲ, ಪಂಚೆಯನ್ನು ಕೆಂಪಗೆ ತೋರಿಸಿಬಿಡುತ್ತದೆ. ಆ ಪಂಚೆಯ ಮೇಲೆ ಬಿದ್ದ ಬೆಳಕಿನ ಮಟ್ಟಿಗೆ ರೀಲಿನದೇ ಸತ್ಯ. ತೀರ್ಪು ಕೊಡುವ ಶಕ್ತಿಯಿಲ್ಲದ ಸಾಕ್ಷಿಗೆ ಭ್ರಮೆಯೂ ಆಗುವುದಿಲ್ಲ. ಭ್ರಮೆ ಹುಟ್ಟುವುದು ಚಿತ್ರ ಕೈಗೆತ್ತಿಕೊಂಡವನು ‘ಈ ಕಲ್ಲು ಜೇನಿನ ಬಣ್ಣದ್ದು’ ಎಂದಾಗ. ಗಾಜಿನ ಹಳದಿಯನ್ನು ಗಾಜಿನ ಲೆಕ್ಕಕ್ಕೆ ಬರೆದರೆ ಚಿತ್ರದಲ್ಲಿ ಸುಳ್ಳೆಂಬುದು ಉಳಿಯುವುದೇ ಇಲ್ಲ. ಭ್ರಮೆಯನ್ನು ವಿವರಿಸುವ ಖ್ಯಾತಿವಾದಗಳ ಅಷ್ಟೂ ಜಗಳದಲ್ಲಿ ಕ್ಯಾಮೆರಾಕ್ಕೆ ಒಪ್ಪುವುದು ಪ್ರಭಾಕರ, ರಾಮಾನುಜರ ಈ ಪಕ್ಷವೇ.

ಅದ್ವೈತಿಗಳ ಒಂದು ಮಾತನ್ನು ಮಾತ್ರ ಇದಕ್ಕೆ ಸೇರಿಸಿಕೊಳ್ಳಬೇಕು. ಹಗ್ಗವೆಂದು ತಿಳಿದೊಡನೆ ಹಾವು ಮಾಯವಾಗುತ್ತದೆ. ಆದರೆ ಸ್ಫಟಿಕ ಬಣ್ಣವಿಲ್ಲದ್ದೆಂದು ತಿಳಿದ ಮೇಲೂ ದಾಸವಾಳ ಪಕ್ಕದಲ್ಲಿರುವವರೆಗೆ ಕೆಂಪು ಕಾಣುತ್ತಲೇ ಇರುತ್ತದೆ. ಮೊದಲನೆಯದು ಉಪಾಧಿಯಿಲ್ಲದ, ಎಂದರೆ ತನ್ನ ಗುಣವನ್ನು ಸಾಲ ಕೊಡುವ ಪಕ್ಕದ ವಸ್ತುವಿಲ್ಲದ ಭ್ರಮೆ, ಎರಡನೆಯದು ಉಪಾಧಿಯುಳ್ಳದ್ದು. ಹದಿನೇಳನೆಯ ಶತಮಾನದ ‘ವೇದಾಂತಪರಿಭಾಷಾ’ ಇನ್ನೂ ನಾಜೂಕಾಗಿ ಹೇಳುತ್ತದೆ: ಹೂವು ಕಣ್ಣೆದುರಿಗೇ ಇರುವಾಗ ಸ್ಫಟಿಕದಲ್ಲಿ ಹೊಸ ಕೆಂಪೊಂದು ಹುಟ್ಟಿತೆಂದು ಕಲ್ಪಿಸುವ ಅಗತ್ಯವಿಲ್ಲ, ಹೂವಿನ ಕೆಂಪೇ ಅಲ್ಲಿ ತೋರುತ್ತದೆ. ಲೆನ್ಸಿನ ಹಳದಿ ಇದೇ ಜಾತಿಯದು, ತಿಳಿವಳಿಕೆಯಿಂದ ಹೋಗುವುದಿಲ್ಲ, ಉಪಾಧಿ ಸರಿದಾಗ ಹೋಗುತ್ತದೆ.

ಛಾಯಾಚಿತ್ರದಲ್ಲಿ ತೊಡಕು ಬರುವುದು ಇಲ್ಲೇ. ಚಿತ್ರ ನೋಡುವ ಹೊತ್ತಿಗೆ ಲೆನ್ಸು ಇಲ್ಲ. ದಾಸವಾಳ ಬಾಡಿ ವರ್ಷಗಳಾಗಿವೆ, ಸ್ಫಟಿಕ ಮಾತ್ರ ಕೆಂಪಾಗಿಯೇ ಇದೆ. ಇಂಥ ಸಂದರ್ಭವನ್ನು ವೇದಾಂತದ ಸ್ಫಟಿಕ ಮುಟ್ಟುವುದಿಲ್ಲ, ಆದರೆ ಬೌದ್ಧರ ಇನ್ನೊಂದು ಉದಾಹರಣೆ ಮುಟ್ಟುತ್ತದೆ. ಹತ್ತಿಯ ಬೀಜಕ್ಕೆ ಅರಗಿನ ರಸ ಹಚ್ಚಿ ಬಿತ್ತಿದರೆ ಎಲೆ, ಕಾಂಡಗಳಲ್ಲಿ ಕಾಣದ ಕೆಂಪು ಕೊನೆಗೆ ಅರಳೆಯಲ್ಲಿ ಕಾಣುತ್ತದೆ, ಕರ್ಮದ ವಾಸನೆ ಫಲ ಕೊಡುವುದು ಹೀಗೆ ಎಂಬ ಮಾತನ್ನು ಹದಿನಾಲ್ಕನೆಯ ಶತಮಾನದ ವಿಜಯನಗರದ ಮಾಧವನ ‘ಸರ್ವದರ್ಶನಸಂಗ್ರಹ’ ದಾಖಲಿಸುತ್ತದೆ. ಹತ್ತಿ ನಿಜಕ್ಕೂ ಹಾಗೆ ಕೆಂಪಾಗುವುದಿಲ್ಲ, ಯಾವ ರೈತನಾದರೂ ಹೇಳಿಯಾನು. ರೀಲು ಮಾತ್ರ ಹಾಗೆಯೇ ಆಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದ ಬೆಳಕು ಬೆಳ್ಳಿಯ ಹರಳುಗಳಲ್ಲಿ ಯಾವ ಸೂಕ್ಷ್ಮದರ್ಶಕಕ್ಕೂ ಬಣ್ಣವಾಗಿ ಕಾಣದ ಗುರುತೊಂದನ್ನು ಬಿಡುತ್ತದೆ. ರೀಲು ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದು, ಲ್ಯಾಬಿನಲ್ಲಿ ತೊಳೆದಾಗ ಬಣ್ಣ ಹುಟ್ಟುತ್ತದೆ. ವಸ್ತು, ಬೆಳಕು, ಗಾಜು ಮೂರರ ವಾಸನೆಯೂ ಆ ಗುರುತಿನಲ್ಲಿ ಒಂದಾಗಿ ಬೆರೆತಿರುತ್ತದೆ, ಹುಟ್ಟಿದ ಬಣ್ಣದಿಂದ ಒಂದನ್ನು ಮಾತ್ರ ಬಿಡಿಸಿ ತೆಗೆಯಲು ಬರುವುದಿಲ್ಲ.

ಪೂಜೆಯ ಮಟ್ಟಿಗೆ ಇದು ಸಮಸ್ಯೆಯಲ್ಲ. ಬಾದಾಮಿಯ ಬಳಿಯ ಬನಶಂಕರಿಯ ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟವರು, ದೀಪದ ಹೊಗೆಗೂ ವರ್ಷಗಳಿಗೂ ಅದು ಬಣ್ಣಗೆಟ್ಟರೆ ದೇವಿ ಬೇರೆಯಾದಳೆಂದು ಭಾವಿಸುವುದಿಲ್ಲ. ದೇವತೆಯ ವರ್ಣ ಯಾವುದೆಂದು ಹೇಳುವುದು ಧ್ಯಾನಶ್ಲೋಕ, ಲೆನ್ಸಲ್ಲ. ದಾಖಲೆಗಾಗಿ ಚಿತ್ರ ಇಟ್ಟುಕೊಂಡವರಿಗೆ ಈ ಅನುಕೂಲವಿಲ್ಲ. ಅವರು ಹಿಂದಿರುಗಿ ಹೋಗಿ ನೋಡಬೇಕು. ತಿಳಿವು ಹುಟ್ಟಿದಾಗಲೇ ಪ್ರಮಾಣ, ಬಾಧಕ ಬರುವವರೆಗೆ ನಂಬಬೇಕು ಎನ್ನುತ್ತದೆ ಮೀಮಾಂಸೆ. ಹೋಗಿ ಮುಟ್ಟಿ, ಕೆಲಸಕ್ಕೆ ಬಂದ ಮೇಲೆಯೇ ಪ್ರಮಾಣವೆಂದು ಖಾತ್ರಿಯಾಗುತ್ತದೆ ಎನ್ನುತ್ತದೆ ನ್ಯಾಯ. ಬಾದಾಮಿಯ ಬಂಡೆಯ ವಿಷಯದಲ್ಲಿ ನ್ಯಾಯ ಸುಲಭ, ಅದು ಇದ್ದಲ್ಲೇ ಇದೆ.

ಎಲ್ಲವೂ ಇದ್ದಲ್ಲೇ ಇರುವುದಿಲ್ಲ. ಚಾಲುಕ್ಯ ಮಂಗಲೇಶ 578ರಲ್ಲಿ ಮಾಡಿಸಿದ ಬಾದಾಮಿಯ ಮೂರನೆಯ ಗುಹೆಯ ಕಪೋತದ, ಎಂದರೆ ಬಾಗಿದ ಸೂರಿನ, ಒಳಮೈಯಲ್ಲಿ ಬಣ್ಣದ ಚಿತ್ರಗಳಿದ್ದವು. ಕಲಾ ಇತಿಹಾಸದ ವಿದ್ವಾಂಸೆ ಸ್ಟೆಲ್ಲಾ ಕ್ರಾಮ್ರಿಷ್ 1936ರಲ್ಲಿ ಅವುಗಳ ಬಗ್ಗೆ ಬರೆದರು. ಈಗ ಉಳಿದಿರುವುದು ಚೂರುಪಾರು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಆ ಓಣಿಯ ಬಾಗಿಲಿನ ಬಣ್ಣಕ್ಕೆ ಉಳಿದ ಸಾಕ್ಷಿ ಯಾರದೋ ಮನೆಯ ಕಲರ್ ಪ್ರಿಂಟು. ಆ ಪ್ರಿಂಟೂ ನಿಂತಲ್ಲಿ ನಿಂತಿಲ್ಲ. 1970ರ ದಶಕದ ಬಹುತೇಕ ಕಲರ್ ಕಾಗದದಲ್ಲಿ, ಕತ್ತಲೆಯ ಟ್ರಂಕಿನಲ್ಲಿಟ್ಟರೂ, ಮೊದಲು ಕರಗುವುದು ಸಯಾನ್. ಸಯಾನ್ ಹೋದರೆ ನೀಲಿ ಸೀರೆ ಗುಲಾಬಿಯತ್ತ, ಹಸಿರು ಸೀರೆ ಹಳದಿಯತ್ತ ಹೊರಳುತ್ತದೆ, ಕಪ್ಪು ಚಂದ್ರಕಾಳಿ ಸೀರೆ ಕೆಂಗಂದಾಗುತ್ತದೆ. ಲೆನ್ಸಿನ ಉಪಾಧಿಯ ಮೇಲೆ ಕಾಲದ ಉಪಾಧಿ ಬಂದು ಕೂತಿರುತ್ತದೆ. ಶಂಖವೇ ಇಲ್ಲದಾಗ ಪಕ್ಕದವನನ್ನು ಕೇಳಿ ತಿಳಿಯುವ ದಾರಿಯೂ ಮುಚ್ಚುತ್ತದೆ, ನ್ಯಾಯದ ಪರೀಕ್ಷೆ ನಿಂತುಹೋಗುತ್ತದೆ, ಮೀಮಾಂಸೆಯ ನಂಬಿಕೆಯೊಂದೇ ಉಳಿಯುತ್ತದೆ. ಅದಕ್ಕೂ ಆಧಾರ ಬೇಕು, ಯಾವ ಬಣ್ಣ ಯಾರದೆಂದು ವಿಂಗಡಿಸಲು ಬೇಕಾದಷ್ಟು ವಿವರ.

ಆ ವಿವರ ಸಾಮಾನ್ಯವಾಗಿ ಚಿತ್ರದೊಳಗೆ ಇರುವುದಿಲ್ಲ. ಯಾವ ಕ್ಯಾಮೆರಾ, ಯಾವ ಲೆನ್ಸು, ಯಾವ ರೀಲು, ಹೊತ್ತು ಯಾವುದು, ಪ್ರಿಂಟು ಹಾಕಿಸಿದ ವರ್ಷ ಯಾವುದು ಎಂಬ ನಾಲ್ಕಾರು ಸಾಲು ಹಿಂಬದಿಯಲ್ಲಿದ್ದರೆ ಹಳದಿಯನ್ನು ಗಾಜಿಗೆ, ಕೆಂಪನ್ನು ಕಾಲಕ್ಕೆ, ಉಳಿದದ್ದನ್ನು ವಸ್ತುವಿಗೆ ಹಂಚಬಹುದು. ನೆಗೆಟಿವ್ ಉಳಿದಿದ್ದರೆ ಅದನ್ನು ಪ್ರಿಂಟಿಗಿಂತ ಜೋಪಾನವಾಗಿ ಇಡಬೇಕು. ಬಾಗಲಕೋಟೆ, ಇಳಕಲ್, ಹುನಗುಂದ, ಬಾದಾಮಿಗಳ ಮನೆಗಳಲ್ಲಿ ಹಳೆಯ ಆಲ್ಬಮ್ ಇರುವವರು, ಆ ಸೀರೆ ಉಟ್ಟವರು, ಆ ಓಣಿಯಲ್ಲಿ ಆಡಿದವರು ಮನೆಯಲ್ಲಿ ಇರುವಾಗಲೇ ಅವರನ್ನು ಕೇಳಿ, ಸೀರೆಯ ಬಣ್ಣ ಯಾವುದಿತ್ತು, ಬಾಗಿಲ ಬಣ್ಣ ಯಾವುದಿತ್ತು ಎಂದು ಪ್ರತಿ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡಲಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಬದಿಗೆ ಮೂಡುತ್ತದೆ.